ಆಲ್ಬರ್ಟ್ ಕೊಲಿಯರ್ 1931ರಲ್ಲಿ ಮೆಲ್ಬರ್ನ್‌ನ ಕಾಲಿಂಗ್‌ವುಡ್ ತಂಡ ಬಿಟ್ಟಿದ್ದು ಸರಿಯೇ?

ರಘು_ಮೆಲ್ಬರ್ನ್: ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಹಳೇ ಡಿಫೆಂಡರ್‌ಗಳಲ್ಲಿ ನನಗೆ ಕೊಲಿಯರೇ ಮೊದಲು. 1925ರಲ್ಲಿ ಮೊದಲ ಪಂದ್ಯ ಆಡಿದಾಗ ಇನ್ನೂ 16 ತುಂಬಿರಲಿಲ್ಲ. 1927ರಿಂದ 1930ರವರೆಗೆ ಕಾಲಿಂಗ್‌ವುಡ್ ಸತತ ನಾಲ್ಕು ಫೈನಲ್ ಗೆದ್ದಾಗಲೂ ತಂಡದಲ್ಲಿದ್ದರು. ಅಂಥವರು ಟಾಸ್ಮೇನಿಯಾಕ್ಕೆ ಹೋಗಿಬಿಟ್ಟರು. ಒಳ್ಳೇ ವಯಸ್ಸಿನ ಎರಡು ವರ್ಷ ಪೋಲಾಯಿತು.

ಸುಮಾ: ಪೋಲು ಹೇಗೆ ರಘು ಅವರೇ? 1930ರಲ್ಲಿ ಕಾಲಿಂಗ್‌ವುಡ್ ಆಡುತ್ತಿದ್ದ ವಿಕ್ಟೋರಿಯಾದ ಲೀಗ್ ಒಂದು ನಿಯಮ ತಂದಿತ್ತು. ಆಟಗಾರನಿಗೆ ಪಂದ್ಯಕ್ಕೆ 3 ಪೌಂಡ್‌ಗಿಂತ ಜಾಸ್ತಿ ಕೊಡುವಂತಿರಲಿಲ್ಲ. ಊರೆಲ್ಲ ಕೆಲಸವಿಲ್ಲದೆ ಕೂತಿದ್ದ ಕಾಲ ಅದು. ಟಾಸ್ಮೇನಿಯಾದ ಹೋಬಾರ್ಟ್‌ನ ಕೆನನೋರ್ ತಂಡ ಕೋಚ್ ಆಗಿ ಕರೆದಾಗ 21ರ ಹುಡುಗ ಹೋಗದೆ ಇರಬೇಕಿತ್ತಾ?

ರಘು_ಮೆಲ್ಬರ್ನ್: ದುಡ್ಡಿನ ಮಾತು ಒಪ್ಪುತ್ತೇನೆ. ಆದರೆ ಅವರಿಲ್ಲದ 1931, 1932 ಎರಡರಲ್ಲೂ ಕಪ್ ಬರಲಿಲ್ಲ. ಇದನ್ನು ಸುಮ್ನೆ ಬಿಡೋಕಾಗಲ್ಲ.

ಅಂಕಿ_ಮಿತ್ರ: 1933ರಲ್ಲಿ ವಾಪಸ್ ಬಂದರಲ್ಲ, ಆಗಲೂ ಕಪ್ ತಕ್ಷಣ ಬರಲಿಲ್ಲ. ಆ ವರ್ಷ ಸೌತ್ ಮೆಲ್ಬರ್ನ್, ಮರುವರ್ಷ ರಿಚ್ಮಂಡ್ ಗೆದ್ದವು. ಕಾಲಿಂಗ್‌ವುಡ್ ಗೆದ್ದಿದ್ದು 1935, 1936ರಲ್ಲಿ. ಒಬ್ಬರು ಬಂದರು, ಹೋದರು ಅಂತ ಲೆಕ್ಕ ಹಾಕೋದು ಕಷ್ಟ. ಅವರ ದೊಡ್ಡತನ ನೋಡಬೇಕಾದರೆ 1929 ನೋಡಿ. ಆಗ ಲೀಗ್‌ನ ಶ್ರೇಷ್ಠ ಆಟಗಾರನಿಗೆ ಕೊಡೋ ಬ್ರೌನ್‌ಲೋ ಪದಕಕ್ಕೆ ಅಂಪೈರ್ ಒಂದು ಪಂದ್ಯದಲ್ಲಿ ಒಬ್ಬರಿಗೆ ಮಾತ್ರ ವೋಟು ಹಾಕುತ್ತಿದ್ದರು. ಅದೇ ತಂಡದಲ್ಲಿ ಗಾರ್ಡನ್ ಕವೆಂಟ್ರಿ 124 ಗೋಲು ಹೊಡೆದಿದ್ದರು. ಆದರೂ ಪದಕ ಸಿಕ್ಕಿದ್ದು ಕೊಲಿಯರ್‌ಗೆ!

ಹೊಸಬ: ಅವರು ಆಡುತ್ತಿದ್ದುದು ಯಾವ ಜಾಗದಲ್ಲಿ?

ರಘು_ಮೆಲ್ಬರ್ನ್: ಸೆಂಟರ್ ಹಾಫ್ ಬ್ಯಾಕ್. ಎದುರಾಳಿಯ ದಾಳಿ ಅಲ್ಲೇ ಮುರಿಯಬೇಕು. ಎತ್ತರಕ್ಕೆ ಬಂದ ಚೆಂಡು ಹಿಡಿಯಬೇಕು, ಮೈಗೆ ಮೈ ಕೊಡಬೇಕು, ತಿರುಗಿ ಮುಂದಕ್ಕೆ ಒದೆಯಬೇಕು. ಗೋಲು ಹೊಡೆಯೋರ ಹೆಸರು ಪೇಪರಿನಲ್ಲಿ ಬರುತ್ತೆ, ಇವರ ಕೆಲಸ ಮೈದಾನದಲ್ಲಿ ಕೂತವರಿಗಷ್ಟೇ ಕಾಣುತ್ತೆ. ಅದಕ್ಕೇ ಆ ಬ್ರೌನ್‌ಲೋ ನನಗೂ ದೊಡ್ಡದು. ಆದರೆ ಆ ಎರಡು ವರ್ಷವೂ ಇದ್ದಿದ್ದರೆ ಕಾಲಿಂಗ್‌ವುಡ್‌ಗೆ ಆಡಿದ ಪಂದ್ಯ 205ಕ್ಕೇ ನಿಲ್ಲುತ್ತಿರಲಿಲ್ಲ.

ಸುಮಾ: ಟಾಸ್ಮೇನಿಯಾದ ಆಟವನ್ನು ಯಾಕೆ ಲೆಕ್ಕಕ್ಕೆ ತಗೊಳ್ಳಲ್ಲ? 1931ರಲ್ಲಿ ಕೆನನೋರ್‌ಗೆ ಕಪ್ ಗೆದ್ದುಕೊಟ್ಟರು. ಅಲ್ಲಿನ ಶ್ರೇಷ್ಠ ಆಟಗಾರನಿಗೆ ಕೊಡೋ ಲೀಚ್ ಪದಕವನ್ನೂ ಗೆದ್ದರು. ದೊಡ್ಡ ಊರಿನ ಲೀಗ್‌ನಲ್ಲಿ ಆಡಿದರೆ ಮಾತ್ರ ಆಟ ಅನ್ನೋದನ್ನ ನಾನಂತೂ ಒಪ್ಪಲ್ಲ.