ಅಪ್‌ಡೇಟ್: ಕೊನೆಗೂ ಬೈಕ್ ಮನೆಗೆ ಬಂತು

ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಡ್ಯೂಟಿಗೆ, ರಜೆಯಲ್ಲಿ ಹಂಪಿ ಕಡೆ ಸುತ್ತೋಕೆ ಸೆಕೆಂಡ್ ಹ್ಯಾಂಡ್ ಡೊಮಿನಾರ್ 400 ಒಳ್ಳೇದಾ, ಜಿಕ್ಸರ್ ಎಸ್‌ಎಫ್ 250 ಒಳ್ಳೇದಾ ಅಂತ ಕೇಳಿದ್ದೆ ಅಲ್ವಾ? ಜಿಕ್ಸರ್ ತಗೊಂಡೆ. ಡೊಮಿನಾರ್ ಹೈವೇಗೆ ಸೂಪರ್, ಆದರೆ 180 ಕೆಜಿ ದಾಟುವ ಗಾಡಿಯನ್ನು ಈ ಬಿಸಿಲಲ್ಲಿ, ರಾಯಲ್ ಸರ್ಕಲ್ ಟ್ರಾಫಿಕ್ಕಲ್ಲಿ ದಿನಾ ಯಾರು ಎಳೆದಾಡುತ್ತಾರೆ? ಜಿಕ್ಸರ್ ಸುಮಾರು 160 ಕೆಜಿ, ಆಯಿಲ್ ಕೂಲ್ಡ್, ಅಂದರೆ ಇಂಜಿನ್ ಆಯಿಲ್‌ನಿಂದಲೇ ತಣ್ಣಗಾಗುತ್ತೆ, ಬೇರೆ ಕೂಲೆಂಟ್ ಗೊಡವೆ ಇಲ್ಲ.

ಗುಂತಕಲ್‌ನಲ್ಲಿ ಒಂದು ಕಮ್ಮಿಗೆ ಸಿಗುತ್ತಿತ್ತು, ಆದರೆ ಆಂಧ್ರ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಿದರೆ ಉಳಿದ ದುಡ್ಡೆಲ್ಲ ಅಲ್ಲಿಗೇ ಸರಿ, ಅದಕ್ಕೇ ಕೆಎ-34, ಅಂದರೆ ಬಳ್ಳಾರಿ ರಿಜಿಸ್ಟ್ರೇಷನ್ ಗಾಡಿಯನ್ನೇ ಹಿಡಿದೆ. ಟೈರ್ ಮೇಲಿನ ನಾಲ್ಕಂಕಿ ನೋಡು ಅಂದವರಿಗೆ ಥ್ಯಾಂಕ್ಸ್. 1221, ಅಂದರೆ 2021ರ 12ನೇ ವಾರದಲ್ಲಿ ತಯಾರಾದ ಹಳೇ ಟೈರ್. ರೇಟು ಇಳಿಸೋಕೆ ಅಷ್ಟೇ ಸಾಕಾಯಿತು. ಏರ್ ಫಿಲ್ಟರ್ ಅದಿರು ಧೂಳಿಗೆ ಕೆಂಪಗಾಗಿತ್ತು, ಬದಲಿಸಿದೆ. ಬೆನ್ನು ನೋವು ಬರುತ್ತೆ ಅಂತ ಹೆದರಿಸಿದ್ದಿರಿ, ನನಗೇನೂ ಇಲ್ಲ. ಹಿಂದಿನ ಸೀಟಿನ ಬಗ್ಗೆ ಮಾತ್ರ ಹೆಂಡತಿಯ ಕಂಪ್ಲೇಂಟ್ ಇದೆ.