ಪಿಎಸ್5ಗೆ ಹಾರ್ಡ್ ಡಿಸ್ಕ್ ಹಾಕಿದ್ರೆ ತಗೋತಿಲ್ಲ, ಟಿವಿಲಿ 120 ಹರ್ಟ್ಜೂ ಬರ್ತಿಲ್ಲ

ಜಾಯ್‌ಸ್ಟಿಕ್_ಜಾಣ:
ನಮಸ್ಕಾರ ಎಲ್ರಿಗೂ. ನನ್ ಹತ್ರ ಇರೋದು ಮೊದಲ್ನೇ ಮಾಡೆಲ್ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್), ಆಮೇಲೆ ಬಂದ ಸ್ಲಿಮ್ ಅಲ್ಲ. 825 ಜಿಬಿ ಅಂತಾರೆ, ಕೈಗೆ ಸಿಗೋದು 667 ಜಿಬಿ, ಅದೂ ತುಂಬೋಗಿದೆ, ಹೊಸ ಗೇಮ್ ಹಾಕ್ಬೇಕಂದ್ರೆ ಹಳೇದೊಂದನ್ನ ಅಳಿಸ್ಬೇಕು. 2 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್ ಇದೆ, ಯುಎಸ್‌ಬಿ 3.0 ದೇ, ಮುಂದ್ಗಡೆ ಅಗಲದ ಪೋರ್ಟಿಗೆ ಚುಚ್ಚಿದ್ರೆ ಎಕ್ಸ್‌ಟೆಂಡೆಡ್ ಸ್ಟೋರೇಜ್ (ಗೇಮ್ ಇಡೋ ಹೆಚ್ಚುವರಿ ಜಾಗ) ಆಗಿ ಬಳಸೋಕಾಗಲ್ಲ ಅಂತಿದೆ. ಇನ್ನೊಂದು ತಲೆನೋವು, ಟಿವಿ ಡಬ್ಬದ ಮೇಲೆ 4ಕೆ 120 ಹರ್ಟ್ಜ್ (ಸೆಕೆಂಡಿಗೆ 120 ಸಲ ಚಿತ್ರ ಬದಲಾಗೋದು) ಅಂತ ದಪ್ಪಕ್ಷರದಲ್ಲಿ ಬರ್ದಿದಾರೆ ಆದ್ರೆ ಕನ್ಸೋಲಲ್ಲಿ ನೋಡಿದ್ರೆ 60 ಅಷ್ಟೇ. ಕನ್ಸೋಲ್ ಸೌಂಡ್‌ಬಾರಿಗೆ ಹೋಗಿದೆ, ಸೌಂಡ್‌ಬಾರಿಂದ ಟಿವಿಗೆ. ಯಾರಾದ್ರೂ ದಾರಿ ತೋರ್ಸಿ.

ವೈರ್_ಬಿಚ್ಚೋನು:
ಡಿಸ್ಕ್ ಚೆನ್ನಾಗೇ ಇದೆ ಗುರೂ, ಪೋರ್ಟ್ ಬೇರೆ. ಆ ಮಾಡೆಲಲ್ಲಿ ಮುಂದಿನ ಯುಎಸ್‌ಬಿ-ಎ ಬರೀ 2.0, ಕಂಟ್ರೋಲರ್ ಚಾರ್ಜಿಗೆ ಸಾಕು. ಹಿಂದ್ಗಡೆ ಇರೋ ಎರಡರಲ್ಲಿ ಒಂದಕ್ಕೆ ಹಾಕಿ, ಹಬ್ ಮೂಲಕ ಬೇಡ, ನೇರ ಹಾಕಿ. 250 ಜಿಬಿಯಿಂದ 8 ಟಿಬಿವರೆಗೂ ತಗೊಳತ್ತೆ. ಆಮೇಲೆ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ, ಹೂಂ ಅನ್ನೋ ಮುಂಚೆ ಅದ್ರಲ್ಲಿ ಮದ್ವೆ ಫೋಟೋ ಗಿಟೋ ಇದ್ರೆ ಬೇರೆ ಕಡೆ ಹಾಕ್ಕೊಳಿ, ಪೂರ್ತಿ ಒರೆಸಿ ಹಾಕುತ್ತೆ, ಆಮೇಲೆ ಕಂಪ್ಯೂಟರಿಗೂ ಅದು ಓದೋಕೆ ಬರಲ್ಲ. ತೆಗೆಯೋವಾಗ ಸೆಟ್ಟಿಂಗ್ಸಲ್ಲಿ ಸ್ಟೋರೇಜಿಗೆ ಹೋಗಿ ಸೇಫ್ಲಿ ರಿಮೂವ್ ಕೊಟ್ಟು ತೆಗೀರಿ. ರೆಸ್ಟ್ ಮೋಡಲ್ಲಿದೆ ಅಂತ ಸುಮ್ನೆ ಕಿತ್ರೆ ಮುಂದಿನ್ಸಲ ರಿಪೇರಿ ಮಾಡ್ತೀನಿ ಅಂತ ಕೂತ್ಕೊಳತ್ತೆ.

ಪಿಕ್ಸೆಲ್_ಪುಟ್ಟ:
ಟಿವಿ ವಿಷ್ಯ ನಾನ್ ಹೇಳ್ತೀನಿ. ಮಧ್ಯೆ ಕೂತಿರೋ ಸೌಂಡ್‌ಬಾರ್ ಮೇಲೇ ನಂಗೆ ಅನುಮಾನ. ತುಂಬಾ ಸೌಂಡ್‌ಬಾರ್‌ಗಳು ಎಚ್‌ಡಿಎಂಐ 2.0 ತನಕ ಮಾತ್ರ, ಅಂದ್ರೆ 18 ಜಿಬಿಪಿಎಸ್, ಅದ್ರಲ್ಲಿ 4ಕೆ 60 ದಾಟಿ ಹೋಗಲ್ಲ. ಕನ್ಸೋಲನ್ನ ನೇರ ಟಿವಿಗೆ ಕೊಡಿ, ಸೌಂಡ್‌ಬಾರನ್ನ ಟಿವಿಯ ಇಆರ್ಕ್ ಪೋರ್ಟಿಗೆ (ಟಿವಿಯಿಂದ ಸೌಂಡ್‌ಬಾರಿಗೆ ಶಬ್ದ ಕಳ್ಸೋ ಎಚ್‌ಡಿಎಂಐ ಪೋರ್ಟ್) ಹಾಕಿ. ಕೇಬಲ್ ಕನ್ಸೋಲ್ ಜೊತೆ ಬಂದಿದ್ದೇ ಇರ್ಲಿ. ಟಿವೀಲಿ ನಾಲ್ಕು ಪೋರ್ಟ್ ಇದ್ರೂ ಎಷ್ಟೋ ಮಾಡೆಲಲ್ಲಿ ಎರಡಕ್ಕೆ ಮಾತ್ರ 120 ಬರೋದು, ಅದ್ರಲ್ಲೊಂದು ಇಆರ್ಕೇ ಆಗಿರುತ್ತೆ, ಹಂಗಾಗಿ ಉಳಿದಿದ್ದು ಒಂದೇ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 4ಕೆ 120 ಅಂತ ಬರ್ದಿದ್ಯಾ ನೋಡಿ. ಟಿವಿ ಮೆನುಲಿ ಆ ಪೋರ್ಟಿಗೆ ಎನ್‌ಹ್ಯಾನ್ಸ್ಡ್ ಅಂತ್ಲೋ ಡೀಪ್ ಕಲರ್ ಅಂತ್ಲೋ ಒಂದು ಆಪ್ಷನ್ ಆನ್ ಮಾಡ್ಬೇಕು, ಒಂದೊಂದು ಕಂಪನಿಯವ್ರು ಒಂದೊಂದು ಹೆಸರಿಟ್ಟಿದಾರೆ, ಹುಡ್ಕೋದೇ ಒಂದ್ ಕೆಲ್ಸ. ಗೇಮ್ ಮೋಡೂ ಹಾಕಿ, ಇಲ್ದಿದ್ರೆ ಬಟನ್ ಒತ್ತಿದ್ಮೇಲೆ ಗೇಮಲ್ಲಿರೋ ಆಟಗಾರ ತಡವಾಗಿ ಓಡ್ತಾನೆ. ಇಷ್ಟೆಲ್ಲ ಮಾಡಿದ್ಮೇಲೂ ಹೋಮ್ ಸ್ಕ್ರೀನಲ್ಲಿ 60 ಕಂಡ್ರೆ ಗಾಬರಿ ಆಗ್ಬೇಡಿ, 120 ಸಪೋರ್ಟ್ ಮಾಡೋ ಗೇಮ್ ಶುರು ಮಾಡಿದಾಗ್ಲೇ ಅದು ಬದಲಾಗೋದು.

ಜಾಯ್‌ಸ್ಟಿಕ್_ಜಾಣ:
ಹಿಂದಿನ ಪೋರ್ಟಿಗೆ ಹಾಕಿದ್ ತಕ್ಷಣ ಡಿಸ್ಕ್ ತಗೊಂಡ್ತು! ಸೌಂಡ್‌ಬಾರನ್ನೂ ಆಚೆ ಎತ್ತಿದೆ, ವಿಡಿಯೋ ಔಟ್‌ಪುಟ್ ಇನ್ಫರ್ಮೇಷನ್ನಲ್ಲಿ ಈಗ 120 ತೋರ್ಸ್ತಿದೆ. ಆದ್ರೆ ಪಿಎಸ್5 ಗೇಮೊಂದನ್ನ ಡಿಸ್ಕಿಗೆ ಕಳ್ಸಿದೆ, ಅಲ್ಲಿಂದ ಸ್ಟಾರ್ಟೇ ಆಗ್ತಿಲ್ಲ, ಹಳೇ ಪಿಎಸ್4 ಕನ್ಸೋಲಿನ ಗೇಮ್ ಮಾತ್ರ ಓಡ್ತಿದೆ??

ವೈರ್_ಬಿಚ್ಚೋನು:
ಅದು ಹಂಗೇನೇ. ಯುಎಸ್‌ಬಿ ಡಿಸ್ಕಲ್ಲಿ ಪಿಎಸ್5 ಗೇಮ್ ಇಟ್ಕೋಬೋದು, ಆಡೋಕಾಗಲ್ಲ, ಆಡ್ಬೇಕಂದ್ರೆ ವಾಪಸ್ ಒಳಗೆ ತಂದ್ಕೋಬೇಕು. ಆದ್ರೂ 100 ಜಿಬಿ ಮತ್ತೆ ಡೌನ್‌ಲೋಡ್ ಹಾಕಿ ಕಾಯೋದಕ್ಕಿಂತ ಕಾಪಿ ಮಾಡೋದು ಎಷ್ಟೋ ವಾಸಿ. ಪಿಎಸ್4 ದೆಲ್ಲ ಅಲ್ಲಿಗೆ ತಳ್ಳಿ, ಒಳಗಿನ ಜಾಗ ಪಿಎಸ್5 ದಕ್ಕೆ ಬಿಡಿ.

ಎಕ್ಸ್‌ಬಾಕ್ಸ್_ಮಂದಿ:
ನಮ್ ಕಡೇನೂ ಇದೇ ಕಥೆ ಮಾರಾಯ್ರೆ, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕನ್ಸೋಲಲ್ಲಿ ಹಳೇ ಎಕ್ಸ್‌ಬಾಕ್ಸ್ ಒನ್ ಕಾಲದ ಗೇಮೆಲ್ಲ ಯುಎಸ್‌ಬಿಯಿಂದ ಓಡುತ್ತೆ, ಸೀರೀಸ್ ಎಕ್ಸಿಗೆ ಅಂತ್ಲೇ ಮಾಡಿದ್ದು ಓಡಲ್ಲ, ಅದಕ್ಕೆ ಬೇರೇ ಎಕ್ಸ್‌ಪಾನ್ಷನ್ ಕಾರ್ಡ್ ಬೇಕು. ನಿಮ್ದ್ರಲ್ಲಿ ವಾಸಿ, ಒಳಗೆ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಅನ್ನೋ ವೇಗದ ಸ್ಟೋರೇಜ್ ಕೂರ್ಸೋ ಜಾಗ) ಇದೆ, 2021ರ ಅಪ್ಡೇಟಿಂದ ಮಾಮೂಲಿ ಎಸ್‌ಎಸ್‌ಡಿನೇ ಹಾಕ್ಬೋದು. ಜೆನ್ 4 ಎನ್‌ವಿಎಂಇ ಅನ್ನೋ ವೇಗದ ಬಗೇದೇ ಆಗಿರ್ಬೇಕು, ಓದೋ ಸ್ಪೀಡ್ ಸೆಕೆಂಡಿಗೆ 5,500 ಎಂಬಿ ಮೇಲಿರ್ಲಿ, ಬಿಸಿ ಎಳ್ಕೊಳೋ ಹೀಟ್‌ಸಿಂಕ್ ಕಡ್ಡಾಯ.

ಜಾಯ್‌ಸ್ಟಿಕ್_ಜಾಣ:
ಸರಿ, ಸದ್ಯಕ್ಕೆ ಪಿಎಸ್4 ಗೇಮೆಲ್ಲ ಡಿಸ್ಕಿಗೆ ಹೋಗ್ತಿದೆ, ಬಾರ್ ಅರ್ಧಕ್ಕೆ ಬಂದಿದೆ. ಎಂ.2 ಮುಂದಿನ ತಿಂಗ್ಳು ನೋಡೋಣ. ಥ್ಯಾಂಕ್ಸ್ ಎಲ್ರಿಗೂ.