ಉಪ್ಪುನೀರಿನ ಟ್ಯಾಂಕಿನಲ್ಲಿ ನೈಟ್ರೇಟ್ 80, ನೀರು ಬದಲಾಯಿಸಿದರೂ ಇಳಿಯುತ್ತಿಲ್ಲ

ಅಮ್ಮತ್ತಿ_ಕಾಫಿ

ಎಲ್ಲರಿಗೂ ನಮಸ್ಕಾರ. ಕೊಡಗಿನ ಅಮ್ಮತ್ತಿ ಹತ್ತಿರ ತೋಟದ ಮನೆ ನಮ್ಮದು. 4 ಅಡಿ ಟ್ಯಾಂಕ್, ಕಲ್ಲು ಮರಳು ಕಳೆದರೆ ಸುಮಾರು 200 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಒಂದು ಹಳದಿ ಬಾಲದ ಡ್ಯಾಮ್ಸೆಲ್ ಮೀನು, ಒಂದು ಕ್ಲೀನರ್ ಸೀಗಡಿ, ಆಮೇಲೆ ಸ್ವಲ್ಪ ಜೋವಾಂಥಿಡ್ ಮತ್ತು ಮಶ್ರೂಮ್ (ಎರಡೂ ಮೆತ್ತನೆ ಹವಳದ ಥರದವು) ಇವೆ. ಕ್ಯಾನಿಸ್ಟರ್ ಫಿಲ್ಟರ್, ನೊರೆಯ ಜೊತೆ ಕೊಳೆ ಎತ್ತಿ ಹಾಕುವ ಚಿಕ್ಕದೊಂದು ಸ್ಕಿಮ್ಮರ್. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ಕೊಳೆ ಕೊಳೆತು ಕೊನೆಗೆ ಉಳಿಯುವ ನೈಟ್ರೇಟ್ ಮಾತ್ರ 80 ಪಿಪಿಎಂ (ಲೀಟರಿಗೆ 80 ಮಿಲಿಗ್ರಾಂ). ಪ್ರತಿ ಭಾನುವಾರ 20% ನೀರು ಬದಲಾಯಿಸುತ್ತೇನೆ, ಬಾವಿ ನೀರಿಗೆ ಮರೀನ್ ಸಾಲ್ಟ್ ಬೆರೆಸಿ. ಆದರೂ ಅಲ್ಲಿಂದ ಕದಲುತ್ತಿಲ್ಲ. ಕಲ್ಲಿನ ಮೇಲೆಲ್ಲ ಕೂದಲು ಪಾಚಿ ಬಂದಿದೆ, ಜೋವಾಂಥಿಡ್ ಸರಿಯಾಗಿ ಬಿಚ್ಚಿಕೊಳ್ಳುತ್ತಿಲ್ಲ.

ಅಂಗಡಿಯವರು ನೈಟ್ರೇಟ್ ಇಳಿಸುವ ಬಾಟಲಿ ಒಂದು ಬರುತ್ತದೆ, ತಗೊಳ್ಳಿ ಅಂದರು. ತಗೊಳ್ಳಬೇಕಾ? ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಅದನ್ನೂ ಲೆಕ್ಕಕ್ಕೆ ತಗೊಂಡು ಹೇಳಿ.

ಉಪ್ಪುನೀರು

ಬಾಟಲಿ ಪಕ್ಕಕ್ಕಿಡಿ. ಮೊದಲು ಬಾವಿ ನೀರನ್ನು ಉಪ್ಪು ಹಾಕದೆ ಹಾಗೆಯೇ ಟೆಸ್ಟ್ ಮಾಡಿ. ಟ್ಯಾಂಕನ್ನು ಟೆಸ್ಟ್ ಮಾಡುವವರು ಸುಮಾರು ಜನ ಇದ್ದಾರೆ, ಒಳಗೆ ಹಾಕುವ ನೀರನ್ನು ಟೆಸ್ಟ್ ಮಾಡುವವರು ಕಡಿಮೆ. ಕಾಫಿ ತೋಟದ ಮಧ್ಯೆ ಬಾವಿ, ಮಳೆಗೆ ಮುಂಚೆ ಒಂದು ಸಲ ಮಳೆ ಮುಗಿದ ಮೇಲೆ ಒಂದು ಸಲ ಗೊಬ್ಬರ ಬೀಳುತ್ತದೆ, ಪಕ್ಕದಲ್ಲೇ ಕೊಟ್ಟಿಗೆ ಇದ್ದರೆ ಕೇಳುವುದೇ ಬೇಡ. ನೈಟ್ರೇಟ್ ಮಣ್ಣಿಗೆ ಅಂಟಿಕೊಂಡು ಕೂರುವುದಿಲ್ಲ, ನೀರಿನ ಜೊತೆ ಸೀದಾ ಕೆಳಗಿಳಿಯುತ್ತದೆ.

ಇನ್ನೊಂದು, ನಿಮ್ಮದು ಎಪಿಐ ಕಂಪನಿಯ ಟೆಸ್ಟ್ ಕಿಟ್ ಆಗಿದ್ದರೆ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಬೇಕು, ಹನಿ ಹಾಕಿದ ಮೇಲೆ ಟ್ಯೂಬನ್ನು ಪೂರ್ತಿ ಒಂದು ನಿಮಿಷ ಕುಲುಕಬೇಕು, 5 ನಿಮಿಷ ಕಾದು ನೋಡಬೇಕು. ಅದರೊಳಗಿನ ಪುಡಿ ತಳದಲ್ಲಿ ಕೂರುತ್ತದೆ. ಸುಮ್ನೆ ಹಾಗೇ ಹನಿ ಹಾಕಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಂದರೆ ನಿಮ್ಮ 80 ನಿಜಕ್ಕೂ ಇನ್ನೂ ಜಾಸ್ತಿ ಇರಬಹುದು.

ಸೋಮವಾರಪೇಟೆ_ರೀಫ್

ವೋಡ್ಕಾ ಹಾಕಿ ಗುರು. ತಮಾಷೆ ಅಲ್ಲ, ಇದು ಎಲ್ಲ ಕಡೆ ಮಾಡುವ ಪದ್ಧತಿ. ವೋಡ್ಕಾದಲ್ಲಿರುವ ಕಾರ್ಬನ್ ಸಿಕ್ಕರೆ ಬ್ಯಾಕ್ಟೀರಿಯ ಬೇಗ ಬೆಳೆಯುತ್ತದೆ, ಬೆಳೆಯುವಾಗ ನೈಟ್ರೇಟ್ ಫಾಸ್ಫೇಟ್ ಎರಡನ್ನೂ ಹೀರಿಕೊಳ್ಳುತ್ತದೆ, ಆ ಬ್ಯಾಕ್ಟೀರಿಯವನ್ನು ಸ್ಕಿಮ್ಮರ್ ಹೊರಗೆ ಎಳೆದು ಹಾಕುತ್ತದೆ. 200 ಲೀಟರಿಗೆ ದಿನಕ್ಕೆ 0.2 ಎಂಎಲ್‌ನಿಂದ ಶುರು ಮಾಡಿ, ನಿಧಾನಕ್ಕೆ ಏರಿಸುತ್ತಾ ಹೋಗಿ. ಸಿರಿಂಜಿನಲ್ಲಿ ಅಳೆಯಿರಿ. ಮಿಲಿಟರಿ ಕ್ಯಾಂಟೀನ್ ರಮ್ ಮನೆಯಲ್ಲಿದೆ ಅಂತ ಅದನ್ನು ಸುರಿಯಬೇಡಿ. ವೋಡ್ಕಾ ಬೇಡ ಅಂದರೆ ವಿನೆಗರ್ ಆಗುತ್ತದೆ, ಬಿಳಿಯದು ಮಾತ್ರ, ಪಂದಿಕರಿಯ ಕಾಚಂಪುಳಿ ಅಲ್ಲ.

ಉಪ್ಪುನೀರು

@ಸೋಮವಾರಪೇಟೆ_ರೀಫ್ ನೀವು ಹೇಳಿದ ವಿಧಾನ ಸರಿ, ಈ ಟ್ಯಾಂಕಿಗೆ ಸರಿ ಅಲ್ಲ. ಅವರ ಸ್ಕಿಮ್ಮರ್ ಚಿಕ್ಕದು. ಬ್ಯಾಕ್ಟೀರಿಯ ಬೆಳೆದು ಹೊರಗೆ ಹೋಗದಿದ್ದರೆ ಅಲ್ಲೇ ಸತ್ತು ಅಲ್ಲೇ ಕೊಳೆಯುತ್ತದೆ, ತಗೊಂಡಿದ್ದನ್ನೆಲ್ಲ ವಾಪಸ್ ಕೊಡುತ್ತದೆ. ಅದಕ್ಕಿಂತ ದೊಡ್ಡ ಭಯ ಕರೆಂಟ್. ಡೋಸ್ ಮಾಡುವ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯ ಆಮ್ಲಜನಕವನ್ನೂ ತಿನ್ನುತ್ತದೆ. ಜುಲೈನಲ್ಲಿ ಮರ ಬಿದ್ದು ಲೈನ್ ಹೋಗಿ, ಪಂಪ್ ನಿಂತು, ಸ್ಕಿಮ್ಮರ್ ನಿಂತು, ರಾತ್ರಿ ಇಡೀ ಹಾಗೇ ಇದ್ದರೆ ಬೆಳಿಗ್ಗೆ ಮೀನು ಮೇಲೆ ತೇಲುತ್ತಿರುತ್ತದೆ. ಕೊಡಗಿನಲ್ಲಿ ಇನ್ವರ್ಟರ್ ಇಲ್ಲದೆ ಕಾರ್ಬನ್ ಡೋಸಿಂಗ್ ಬೇಡ ಅಂತಲೇ ನನ್ನ ಅಭಿಪ್ರಾಯ.

ಅಮ್ಮತ್ತಿ_ಕಾಫಿ

ಬಾವಿ ನೀರು ಟೆಸ್ಟ್ ಮಾಡಿದೆ, ನೀವು ಹೇಳಿದ ಹಾಗೆ ಕುಲುಕಿ. 40ರ ಬಣ್ಣ ಬಂತು! ಟ್ಯಾಂಕ್ 80ಕ್ಕೇ ಇದೆ. ಈಗ ಏನು ಮಾಡಲಿ? ಮನೆಯಲ್ಲಿ ಕುಡಿಯುವ ನೀರಿಗೆ ಆರ್‌ಒ ಇದೆ, ಅದರ ನೀರು ಆಗುತ್ತದಾ? ಇಲ್ಲಾಂದರೆ ಮಳೆ ನೀರು ಹಿಡಿದರೆ ಹೇಗೆ, ಅದಕ್ಕೇನೂ ಬರವಿಲ್ಲವಲ್ಲ.

ಉಪ್ಪುನೀರು

ನಿಮ್ಮ 80 ಎಲ್ಲಿಂದ ಬಂತು ಅಂತ ಈಗ ಲೆಕ್ಕ ಕೂಡುತ್ತದೆ. ಮೀನಿನ ಊಟದಿಂದ ವಾರಕ್ಕೆ 10 ಪಿಪಿಎಂ ಹುಟ್ಟುತ್ತದೆ ಅಂತ ಇಟ್ಟುಕೊಳ್ಳಿ. ಭಾನುವಾರ 90 ಆಗಿರುತ್ತದೆ. 20% ತೆಗೆದರೆ ಉಳಿದ ನೀರಿನ ಪಾಲು 72. ಮೇಲಿಂದ ಹಾಕುವ ಬಾವಿ ನೀರು 40ರದ್ದು, ಅದರ ಪಾಲು 8. ಕೂಡಿಸಿ, ಮತ್ತೆ 80. ವರ್ಷಗಟ್ಟಲೆ ಹೀಗೇ ಮಾಡಿದರೂ ಅಲ್ಲೇ ಸುತ್ತುತ್ತಿರುತ್ತದೆ.

ಅದೇ ಊಟ, ಅದೇ 20%, ಆದರೆ ಹಾಕುವ ನೀರಿನಲ್ಲಿ ನೈಟ್ರೇಟ್ ಸೊನ್ನೆ ಇದ್ದರೆ ಟ್ಯಾಂಕ್ ನಿಧಾನಕ್ಕೆ ಇಳಿದು 40ಕ್ಕೆ ನಿಲ್ಲುತ್ತದೆ. ವಾರಕ್ಕೆ ಹುಟ್ಟುವುದನ್ನು 10ರಿಂದ 5ಕ್ಕೆ ಇಳಿಸಿದರೆ 20ಕ್ಕೆ ನಿಲ್ಲುತ್ತದೆ. ಒಳಗೆ ಬರುವುದನ್ನು ಕಡಿಮೆ ಮಾಡದೆ ಹೊರಗೆ ಹಾಕುವ ಉಪಾಯ ಎಷ್ಟು ಹುಡುಕಿದರೂ ದುಡ್ಡು ದಂಡ.

ಮಡಿಕೇರಿ_ಅಕ್ವಾ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಟ್ಯಾಂಕ್ ಆಮೇಲೆ. ಆ ಬಾವಿ ನೀರು ಮನೆಯವರೂ ಕುಡಿಯುತ್ತಾರೆ ಅಲ್ವಾ? ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಅಕ್ವೇರಿಯಂ ಕಿಟ್‌ನ ಬಣ್ಣ ನೋಡಿ 40 ಅಂದರೆ 45 ದಾಟಿದ್ದರೂ ಇರಬಹುದು. ಮನೆಯಲ್ಲಿ ಕೈಗೂಸು ಇದ್ದರೆ ಈ ವಾರವೇ ಲ್ಯಾಬಿಗೆ ಕೊಡಿ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ.

ಈಗ ಆರ್‌ಒ ವಿಷಯ. ಮನೆಯ ಆರ್‌ಒಗಳಲ್ಲಿ ಸುಮಾರು ಕಡೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಕಂಟ್ರೋಲರ್ ಅಂತ ಒಂದು ಚಿಕ್ಕ ತಿರುಪು ಇರುತ್ತದೆ. ರುಚಿಗೋಸ್ಕರ ಮೆಂಬ್ರೇನ್ (ನೀರು ಸೋಸುವ ಪೊರೆ) ದಾಟದ ನೀರನ್ನೂ ಸ್ವಲ್ಪ ಬೆರೆಸುತ್ತದೆ. ಅದರ ಜೊತೆ ನಿಮ್ಮ ನೈಟ್ರೇಟೂ ಬರುತ್ತದೆ. ಸರ್ವಿಸ್‌ನವರಿಗೆ ಹೇಳಿ ಮೆಂಬ್ರೇನಿಂದ ಸೀದಾ ಒಂದು ಪೈಪ್ ತೆಗೆಸಿಕೊಳ್ಳಿ, ಅದಕ್ಕೆ ಕರಗಿದ ಲವಣ ಹಿಡಿದುಕೊಳ್ಳುವ ಡಿಐ ರೆಸಿನ್ ಕಾರ್ಟ್ರಿಡ್ಜ್ ಒಂದು ಜೋಡಿಸಿ. ಉಳಿದ ಉಪ್ಪುಗಳನ್ನು ತಡೆದಷ್ಟು ಚೆನ್ನಾಗಿ ಮೆಂಬ್ರೇನ್ ನೈಟ್ರೇಟನ್ನು ತಡೆಯುವುದಿಲ್ಲ, ರೆಸಿನ್ ಬೇಕೇ ಬೇಕು. ಟಿಡಿಎಸ್ ಮೀಟರ್ ಕಡಿಮೆ ತೋರಿಸಿತು ಅಂತ ನಂಬಬೇಡಿ. ನಮ್ಮ ಕಡೆ ಬಾವಿ ನೀರಿನ ಟಿಡಿಎಸ್ ಮೊದಲೇ ಕಡಿಮೆ, ಅದರಲ್ಲಿ ನೈಟ್ರೇಟ್ ಎಷ್ಟು ಅಂತ ಮೀಟರ್ ಹೇಳುವುದಿಲ್ಲ.

ಮಳೆ ನೀರು: ನೈಟ್ರೇಟ್ ಮಟ್ಟಿಗೆ ಒಳ್ಳೆಯದು, ಬೇರೆ ಮಟ್ಟಿಗೆ ನನಗೆ ಹೆದರಿಕೆ. ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಸೀಗಡಿ ಹವಳಗಳಿಗೆ ತಾಮ್ರ ಚೂರೇ ಚೂರು ಸಾಕು, ಮುಗಿಯಿತು. ಹೊಡೆಯುವಾಗ ಗಾಳಿಗೆ ಮಾಡಿನ ಮೇಲೂ ಕೂರುತ್ತದೆ. ಹಂಚಿನ ಮಾಡು, ಮೊದಲ ಮಳೆಗಳನ್ನೆಲ್ಲ ಹರಿಯಲು ಬಿಟ್ಟು, ಜಡಿಮಳೆ ಹಿಡಿದ ಮೇಲೆ ತುಂಬಿಸಿ, ಅದನ್ನೂ ರೆಸಿನ್ ದಾಟಿಸಿದರೆ ಸರಿ. ಬೋರ್ಡೋ ಕಲಸಿದ ಡ್ರಮ್ಮು ಬಕೆಟ್ಟು ಮಾತ್ರ ಎಷ್ಟು ತೊಳೆದರೂ ಬೇಡವೇ ಬೇಡ. ಉಪ್ಪು ಕಲಸಲು ಬೇರೆಯದೇ ಒಂದು ಡ್ರಮ್ ಇಟ್ಟುಕೊಳ್ಳಿ, ಆಳುಗಳ ಕೈಗೆ ಸಿಗದ ಜಾಗದಲ್ಲಿ.

ಸೋಮವಾರಪೇಟೆ_ರೀಫ್

ತಾಮ್ರದ ವಿಷಯ ನನಗೂ ಹೊಳೆದಿರಲಿಲ್ಲ, ಅಕ್ಕ. ಸರಿ, ವೋಡ್ಕಾ ವಾಪಸ್ ತಗೊಂಡೆ.

ಹುಟ್ಟುವುದನ್ನು 5ಕ್ಕೆ ಇಳಿಸುವುದು ಕಷ್ಟ ಅಲ್ಲ. ಕ್ಯಾನಿಸ್ಟರಿನ ಸ್ಪಂಜು ಯಾವಾಗ ತೊಳೆಯುತ್ತೀರಿ? ಅದರಲ್ಲಿ ಸಿಕ್ಕಿಕೊಂಡ ಊಟ, ಹಿಕ್ಕೆ ಎಲ್ಲ ಅಲ್ಲೇ ಕೊಳೆತು ನೈಟ್ರೇಟ್ ಆಗುತ್ತದೆ. ವಾರ ವಾರ ತೊಳೆಯಿರಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ. ಫ್ರೋಜನ್ ಮೈಸಿಸ್ (ಪುಟ್ಟ ಸೀಗಡಿಯಂಥ ಮೀನಿನ ಊಟ) ಕೊಡುತ್ತಿದ್ದರೆ ಟೀ ಸೋಸುವ ಜಾಲರಿಯಲ್ಲಿ ತೊಳೆದು, ಕರಗಿದ ರಸ ಚೆಲ್ಲಿ, ಬರೀ ಮೈಸಿಸ್ ಹಾಕಿ. ಮೂರು ಚಿಕ್ಕ ಮೀನಿಗೆ ದಿನಕ್ಕೊಂದು ಚಿಟಿಕೆ ಸಾಕು. ಪುತ್ತರಿ ಹಬ್ಬಕ್ಕೆ ನೆಂಟರ ಮಕ್ಕಳು ಬಂದರೆ ಊಟದ ಡಬ್ಬಿ ಅಟ್ಟದ ಮೇಲಿಡಿ. ಸ್ಕಿಮ್ಮರ್ ದೊಡ್ಡದು ಹಾಕಿದರೆ ಹಿಕ್ಕೆ ಕೊಳೆಯುವ ಮೊದಲೇ ಹೊರಗೆ ಹೋಗುತ್ತದೆ. ಆಗಲೇ ನೈಟ್ರೇಟ್ ಆಗಿಹೋದದ್ದನ್ನು ಅದು ತೆಗೆಯುವುದಿಲ್ಲ, ಅದೊಂದು ತಪ್ಪು ಕಲ್ಪನೆ ಸುಮಾರು ಜನಕ್ಕಿದೆ.

ಆಗಿಹೋದದ್ದಕ್ಕೆ, ಅದನ್ನು ಹೀರಿ ಬೆಳೆಯುವ ಕೀಟೋಮಾರ್ಫಾ ಪಾಚಿ ಬೆಳೆಸಿ. ಪಾತ್ರೆ ಉಜ್ಜುವ ತಂತಿಯ ಉಂಡೆ ಹಸಿರಾದ ಹಾಗಿರುತ್ತದೆ. ಟ್ಯಾಂಕಿನ ಹಿಂದೆ ಚಿಕ್ಕ ಪೆಟ್ಟಿಗೆ, ಒಂದು ಎಲ್‌ಇಡಿ, ರಾತ್ರಿ ಹೊತ್ತು ಉರಿಸಿ. ಆಗ ಟ್ಯಾಂಕಿನ ಪಿಎಚ್ ರಾತ್ರಿ ಜಾಸ್ತಿ ಬೀಳುವುದೂ ಇಲ್ಲ. ಬೆಳೆದಷ್ಟನ್ನು ಕಿತ್ತು ಎಸೆಯಿರಿ, ಕೀಳದಿದ್ದರೆ ಬೆಳೆಸಿ ಪ್ರಯೋಜನ ಇಲ್ಲ. ಕರೆಂಟ್ ಹೋದರೂ ವೋಡ್ಕಾದ ಥರ ಒಂದೇ ರಾತ್ರಿಗೆ ಕೆಟ್ಟುಹೋಗುವ ವ್ಯವಸ್ಥೆ ಅಲ್ಲ ಇದು. ಬ್ಯಾಟರಿ ಏರ್ ಪಂಪ್ ಒಂದು ಮಾತ್ರ ಯಾವಾಗಲೂ ಪಕ್ಕದಲ್ಲಿರಲಿ.

ಅಮ್ಮತ್ತಿ_ಕಾಫಿ

ತುಂಬಾ ಥ್ಯಾಂಕ್ಸ್. ನೀರು ಲ್ಯಾಬಿಗೆ ಕೊಡುತ್ತೇನೆ, ಅಲ್ಲಿವರೆಗೆ ಅಡುಗೆಗೂ ಕ್ಯಾನ್ ನೀರು ತರಿಸುತ್ತೇವೆ. ರೆಸಿನ್ ಆರ್ಡರ್ ಮಾಡಿದೆ. ಎರಡು ಪ್ರಶ್ನೆ ಉಳಿದಿವೆ. ಎಷ್ಟಕ್ಕೆ ಇಳಿಸಬೇಕು, ಸೊನ್ನೆಗಾ? ಮಾಕುಟ್ಟ ಘಾಟಿ ಇಳಿದರೆ ಕಣ್ಣೂರಿನ ಸಮುದ್ರ ಹತ್ತಿರವೇ, ಅಲ್ಲಿಂದ ಕ್ಯಾನಿನಲ್ಲಿ ನೀರು ಮತ್ತು ಒಂದೆರಡು ಹವಳದ ಕಲ್ಲು ತಂದರೆ?

ಉಪ್ಪುನೀರು

ಸೊನ್ನೆ ಬೇಡ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಬಿದ್ದರೆ ಹವಳ ಬಿಳಿಚಿಕೊಳ್ಳುತ್ತದೆ, ಕಂದು ಲೋಳೆಯಂಥ ಡೈನೋ (ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ) ಬರುತ್ತದೆ, ಅದರ ಮುಂದೆ ನಿಮ್ಮ ಕೂದಲು ಪಾಚಿ ಎಷ್ಟೋ ವಾಸಿ. 5ರಿಂದ 10 ಸಾಕು, ಆತುರ ಇಲ್ಲ. ರೆಸಿನ್ ಬಂದ ಮೇಲೆ ವಾರಕ್ಕೆರಡು ಸಲ 15% ಹಾಕಿ, ಉಪ್ಪಿನಂಶ 1.025 (ಸಾಪೇಕ್ಷ ಸಾಂದ್ರತೆ), ಬಿಸಿ 25 ಡಿಗ್ರಿಗೆ ಹೊಂದಿಸಿಕೊಂಡು. ಒಂದೇ ದಿನ ಅರ್ಧ ಟ್ಯಾಂಕ್ ಖಾಲಿ ಮಾಡಬೇಡಿ, ಸೀಗಡಿ ತಡೆಯುವುದಿಲ್ಲ.

ಮಳೆಗಾಲದಲ್ಲಿ ದಡದ ನೀರು ಅರ್ಧ ಹೊಳೆ ನೀರು, ಊರಿನ ಕೊಳಚೆಯೂ ಸೇರಿರುತ್ತದೆ. ಬೇಸಿಗೆಯಲ್ಲಿ ನೋಡೋಣ. ಹವಳದ ಕಲ್ಲು ಮಾತ್ರ ಯಾವ ಕಾಲದಲ್ಲೂ ಮುಟ್ಟಬೇಡಿ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಶೆಡ್ಯೂಲಿನಲ್ಲಿದೆ, ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿದರೆ ಏನು ಹೇಳುತ್ತೀರಿ?